ಫ್ಲೈಟ್ ಲೇಟಾದರೆ ಮೊದಲು ಬಾರ್ ಕಡೆ ಹೋಗಿ ಬನ್ನಿ

ಮಂಗಳೂರಿನ ಬಜ್ಪೆ ಏರ್‌ಪೋರ್ಟಿನ ಬೋರ್ಡಿಂಗ್ ಗೇಟ್‌ನಲ್ಲಿ ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ. ಫ್ಲೈಟ್ ಲೇಟ್ ಅಂತ ಗೊತ್ತಾದ ಕೂಡಲೇ ಒಮ್ಮೆ ಬಾರ್ ಕಡೆ ಹೋಗಿ ಬನ್ನಿ.

ಹತ್ತುವ ಮೊದಲು ಒಂದು ಪೆಗ್ ಹಾಕುವವರಿಂದ ನಮಗೇನೂ ತೊಂದರೆ ಇಲ್ಲ. ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲ, ಹಾಗಾಗಿ ಕೆಲವರು ಇಲ್ಲೇ ಮುಗಿಸಿಕೊಳ್ಳುತ್ತಾರೆ. ರಜೆ ಮುಗಿಸಿ ಗಲ್ಫಿಗೆ ಹೊರಟವರು ಹೆಂಡತಿ ಮಕ್ಕಳನ್ನು ಗೇಟಿನ ಹೊರಗೆ ಬಿಟ್ಟು ಬಂದಿರುತ್ತಾರೆ, ಅವರದ್ದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಕಷ್ಟ ಶುರುವಾಗುವುದು ಮಳೆಗಾಲದಲ್ಲಿ. ಗುಡ್ಡದ ಮೇಲಿನ ರನ್‌ವೇಗೆ ಮೋಡ ಕವಿದರೆ ಬರಬೇಕಾದ ವಿಮಾನ ಮೇಲೆಯೇ ಸುತ್ತು ಹೊಡೆದು ಕೊನೆಗೆ ಬೆಂಗಳೂರಿಗೋ ಕೊಚ್ಚಿಗೋ ಹೋಗಿ ಇಳಿಯುತ್ತದೆ, ಇಲ್ಲಿ ಕಾದು ಕೂತವರ ಒಂದು ಪೆಗ್ ಮೂರಾಗುತ್ತದೆ, ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ. 30 ಎಂಎಲ್ ವಿಸ್ಕಿ ಕರಗಲು ದೇಹಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಮೇಲೆ ಹೋದ ಮೇಲೆ ಕ್ಯಾಬಿನ್ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದಲ್ಲಿ ಇರುವಷ್ಟೇ, ರಕ್ತಕ್ಕೆ ಆಮ್ಲಜನಕ ಸಿಗುವುದೂ ಕಡಿಮೆ. ಕುಡಿದು ನಿದ್ದೆ ಹೋದರೆ ಇನ್ನೂ ಕಡಿಮೆ.

ಬಾರ್‌ಗೆ ಹೋದಾಗ ಉಪದೇಶ ಬೇಡ. "ಸರ್, ಇನ್ನೂ ತಡ ಉಂಟು, ಏನಾದ್ರೂ ತಿನ್ನಿ" ಅಂದರೆ ಸಾಕು. ಊರವರು ಅಂತ ಗೊತ್ತಾದರೆ ನಾನು ತುಳುವಿನಲ್ಲೇ "ಒಣಸ್ ಆಂಡಾ ಅಣ್ಣ?" (ಊಟ ಆಯ್ತಾ ಅಣ್ಣ?) ಅಂತ ಕೇಳುತ್ತೇನೆ. ಅವರು ಉತ್ತರ ಕೊಡುವಾಗಲೇ ಎಷ್ಟೋ ತಿಳಿಯುತ್ತದೆ. ಮಾತು ತೊದಲುತ್ತಿದೆಯಾ, ಬೋರ್ಡಿಂಗ್ ಪಾಸ್ ಮೇಜಿನ ಮೇಲೇ ಇದ್ದರೂ ಒಂದೇ ಜೇಬನ್ನು ಮತ್ತೆ ಮತ್ತೆ ತಡಕುತ್ತಿದ್ದಾರಾ, ಅದನ್ನು ನೋಡಿ. ಬರೀ ವಾಸನೆ ಬಂತು ಅಂತ ಯಾರನ್ನೂ ತಡೆಯಬೇಡಿ. ಕ್ಯೂನಲ್ಲಿ ಎಲ್ಲರೆದುರು "ಕುಡಿದಿದ್ದೀರಾ" ಅಂತ ಕೇಳಲೇಬೇಡಿ, ಸುಮ್ನೆ ನಿಂತಿದ್ದವರಿಗೂ ಸಿಟ್ಟು ಬರುತ್ತದೆ ಅಲ್ವಾ. ಪಕ್ಕಕ್ಕೆ ಕರೆದು ಕೂರಿಸಿ, ನೀರು ಕೊಡಿ, ಸೀನಿಯರ್‌ಗೆ ಹೇಳಿ. ಹತ್ತಿಸಬೇಕೋ ಬೇಡವೋ ಅನ್ನುವುದರಲ್ಲಿ ಕೊನೆಯ ಮಾತು ಕ್ಯಾಪ್ಟನ್‌ದು.

ಇಷ್ಟೆಲ್ಲ ಯಾಕೆ ಅಂದರೆ, ಗೇಟ್ ತನಕ ಬಂದ ಮೇಲೆ ಆ ಮನುಷ್ಯನಿಗೆ ಆಗುವ ನಷ್ಟ ತುಂಬಾ ದೊಡ್ಡದು. 2017ರಲ್ಲಿ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ತಂದ ನಿಯಮದ ಪ್ರಕಾರ ಕುಡಿದು ಗಲಾಟೆ ಮಾಡಿದರೆ 3 ತಿಂಗಳವರೆಗೆ, ಕೈ ಮಾಡಿದರೆ 6 ತಿಂಗಳವರೆಗೆ ವಿಮಾನ ಹತ್ತದಂತೆ ನಿಷೇಧ ಹಾಕಬಹುದು. ಗಲಾಟೆ ಮಾಡದಿದ್ದರೂ, ಸೌದಿಯ ದಮ್ಮಾಮ್‌ಗೋ ಕುವೈತ್‌ಗೋ ಹೊರಟವರಾದರೆ ಇಳಿಯುವ ದೇಶದಲ್ಲಿ ಮದ್ಯಕ್ಕೇ ನಿಷೇಧ ಇದೆ. ಅಲ್ಲಿ ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು. ಆ ಸಂಬಳ ನಂಬಿಕೊಂಡು ಊರಲ್ಲಿ ಒಂದು ಮನೆ ಇರುತ್ತದೆ.

ಎಷ್ಟು ಮಾಡಿದರೂ ಕೆಲವರನ್ನು ಬಿಟ್ಟು ಹೋಗಲೇಬೇಕಾಗುತ್ತದೆ. ಆಗ ಅವರ ಚೆಕ್‌ಇನ್ ಬ್ಯಾಗನ್ನೂ ಹುಡುಕಿ ಇಳಿಸಬೇಕು, ಮೊದಲೇ ತಡವಾದ ವಿಮಾನ ಮತ್ತೂ ತಡ. ಬೈಗುಳ ತಿನ್ನಬೇಕಾಗಿ ಬಂದರೂ ಅವರನ್ನು ಒಬ್ಬರೇ ಬಿಡಬೇಡಿ. ಮನೆಗೆ ಫೋನ್ ಮಾಡಿಸಿ, ಕರೆದೊಯ್ಯಲು ಯಾರಾದರೂ ಬರುವ ತನಕ ಜೊತೆಗಿರಿ.