"ದೇವರಿದ್ದಾನೆ ಸಿಸ್ಟರ್" ಅಂದವರ ಮನೆಯಲ್ಲಿ

ನಾನು ಕೊಡಗಿನ ಒಂದು ಉಪಕೇಂದ್ರದಲ್ಲಿ ಲಸಿಕೆ ಹಾಕುವ ಕೆಲಸ ಮಾಡುತ್ತೇನೆ. ಅಂಗನವಾಡಿ, ಕಾಫಿ ತೋಟದ ಕೆಲಸಗಾರರ ಲೈನ್ ಮನೆ, ಆದಿವಾಸಿಗಳ ಹಾಡಿ ಎಲ್ಲ ಕಡೆಗೂ ಹೋಗಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಕೇಳುವ ಮೊದಲ ಪ್ರಶ್ನೆ ಒಂದೇ. "ಅಕ್ಕ, ದೇವರು ಕಾಪಾಡ್ತಾನೆ, ಸೂಜಿ ಬೇಡ ಅಂದ್ರೆ ಏನು ಹೇಳೋದು?"

ಏನೂ ಹೇಳಬೇಡಿ, ಮೊದಲು ಕೂತ್ಕೊಳ್ಳಿ ಅನ್ನುತ್ತೇನೆ. ಮನೆಗೆ ಬಂದವರ ಮುಖ ಮುರಿಯಬಾರದು ಅಂತ ನಮ್ಮ ಜನ ದೇವರ ಮಾತು ಎತ್ತುತ್ತಾರೆ. ನಿಜವಾದ ಕಾರಣ ಅದರ ಹಿಂದೆ ಇರುತ್ತದೆ. ಅದು ಹೊರಗೆ ಬರಬೇಕಾದರೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಾದರೂ ಬೇಕು.

ಒಂದು ಲೈನ್ ಮನೆಯ ತಾಯಿ ಮಗುವನ್ನು ಎದೆಗೆ ಒತ್ತಿಕೊಂಡೇ ನಿಂತಿದ್ದಳು. ಐದು ರೋಗ ತಡೆಯುವ ಪೆಂಟಾ ಲಸಿಕೆಯಲ್ಲಿ ಒಂದೂವರೆ ತಿಂಗಳದ್ದು ಆಗಿತ್ತು, ಎರಡೂವರೆ ತಿಂಗಳದ್ದು ಬಾಕಿ. "ಎಲ್ಲ ಮಾರಿಯಮ್ಮ ನೋಡ್ಕೊಳ್ತಾಳೆ" ಅಂದಳು. ನಾನು ತಾಯಿ ಕಾರ್ಡ್ ಪಕ್ಕಕ್ಕಿಟ್ಟು, ಮಗು ಹಾಲು ಕುಡಿಯುತ್ತಾ, ರಾತ್ರಿ ನಿದ್ದೆ ಮಾಡುತ್ತಾ ಅಂತ ಮಾತಾಡುತ್ತಾ ಕೂತೆ. ಆಮೇಲೆ ಮೆಲ್ಲಗೆ ಹೇಳಿದಳು: "ಹೋದ ಸಲ ರಾತ್ರಿ ಇಡೀ ಜ್ವರ ಸಿಸ್ಟರ್. ಮಾರನೇ ದಿನ ಹಣ್ಣು ಕುಯ್ಯೋಕೆ ಹೋಗೋಕಾಗ್ಲಿಲ್ಲ." ಆಗ ರೊಬಸ್ಟಾ ಕಾಫಿ ಕುಯ್ಲು, ಕೆಜಿ ಲೆಕ್ಕದ ಸಂಬಳ. ವರ್ಷದಲ್ಲಿ ನಾಲ್ಕು ಕಾಸು ಜಾಸ್ತಿ ಸಿಗುವುದೇ ಆ ಕೆಲವು ವಾರ. ಅವಳಿಗೆ ದೇವರ ಬಗ್ಗೆ ಪಾಠ ಹೇಳಿ ಏನು ಪ್ರಯೋಜನ? ಸಂತೆ ರಜೆಯ ಹಿಂದಿನ ದಿನವೇ ಬರುತ್ತೇನೆ ಅಂದೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಎಷ್ಟು ಹನಿ ಅಂತ ತೋರಿಸಿಕೊಟ್ಟೆ. ಒಪ್ಪಿದಳು. ಮಾರಿಯಮ್ಮನ ಮೇಲಿನ ಭಕ್ತಿ ಅವಳಿಗೆ ಒಂದು ಚೂರೂ ಕಡಿಮೆ ಆಗಿಲ್ಲ, ಆಗಬೇಕಾಗಿಯೂ ಇಲ್ಲ.

ನಾನೂ ನಂಬುವವಳೇ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತರುತ್ತೇನೆ. ಮಡಿಕೇರಿ ದಸರಾದಲ್ಲಿ ನಾಲ್ಕು ಮಾರಿಯಮ್ಮ ದೇವಸ್ಥಾನಗಳ ಕರಗ ಹೊರಡುತ್ತದಲ್ಲ, ಅದು ಶುರುವಾದದ್ದೇ ಹಾಲೇರಿ ರಾಜರ ಕಾಲದಲ್ಲಿ ಊರಿಗೆ ರೋಗ ಬಡಿದಾಗ ಅಂತ ಹಿರಿಯರು ಹೇಳುತ್ತಾರೆ. ಮಾರಿಯಮ್ಮನ ಮುನಿಸು ಅಂತ ಜನ ಹೆದರುತ್ತಿದ್ದ ಸಿಡುಬಿನ ಕೊನೆಯ ರೋಗಿ ಭಾರತದಲ್ಲಿ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತಿನಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅದನ್ನು ಓಡಿಸಿದ್ದು ಲಸಿಕೆ. ಕರಗ ಮಾತ್ರ ಈಗಲೂ ಅಷ್ಟೇ ಸಂಭ್ರಮದಿಂದ ಹೊರಡುತ್ತದೆ. ಎರಡಕ್ಕೂ ಜಗಳ ಎಲ್ಲಿದೆ?

ನನಗೆ ಜಾಸ್ತಿ ಕಷ್ಟ ಆಗುವುದು ದೇವರ ಮಾತಲ್ಲ, "ಮೈಯಲ್ಲೇ ಶಕ್ತಿ ಇದೆ" ಅನ್ನುವ ಮಾತು. ಒಂದು ಮನೆಯ ಅಜ್ಜಿ ಹೆಮ್ಮೆಯಿಂದ ಹೇಳಿದರು: "ಕಕ್ಕಡ ಹದಿನೆಂಟಕ್ಕೆ ಮದ್ದು ಪಾಯಸ ತಿಂದು ಬೆಳೆದ ಮೈ ಇದು. ನಮಗೆ ಯಾವ ಸೂಜಿ ಇತ್ತು?" ಕಕ್ಕಡ ಅಂದರೆ ಕೊಡವರ ಮಳೆಗಾಲದ ತಿಂಗಳು. ಅದರ ಹದಿನೆಂಟನೇ ದಿನ, ಆಗಸ್ಟ್ 3ರ ಹೊತ್ತಿಗೆ ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರುತ್ತದೆ ಅನ್ನುವುದು ಇಲ್ಲಿನ ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ, ಪಾಯಸವೂ ಅದೇ ಬಣ್ಣ. ನಾನೂ ಪ್ರತಿ ವರ್ಷ ತಿನ್ನುತ್ತೇನೆ. ಆಮೇಲೆ ಅಜ್ಜಿಯನ್ನು ಮಕ್ಕಳೆಷ್ಟು ಅಂತ ಕೇಳಿದೆ. ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಒಂದು ಗಂಟಲುಮಾರಿಗೆ, ಎರಡು ದಡಾರಕ್ಕೆ, ಒಂದು ಹುಟ್ಟಿದ ವಾರದಲ್ಲೇ ಸೆಟೆದುಕೊಂಡು ಹೋಯಿತಂತೆ. ಹೇಳುತ್ತಾ ಹೇಳುತ್ತಾ ಅವರೇ ಸೊಸೆಯ ಕಡೆ ತಿರುಗಿ, "ಮಗು ಎತ್ಕೊಂಡು ಬಾ" ಅಂದರು.

ಮೈಯ ಶಕ್ತಿ ಸುಳ್ಳಲ್ಲ. ಲಸಿಕೆ ಕೆಲಸ ಮಾಡುವುದೂ ಅದೇ ಶಕ್ತಿಯಿಂದ. ಆನೆ ತೋಟಕ್ಕೆ ಇಳಿದ ಮೇಲೆ ಪಟಾಕಿ ಹುಡುಕುವುದಕ್ಕೂ, ಪಟಾಕಿ ಕೈಯಲ್ಲಿ ಹಿಡಿದು ಕಾಯುವುದಕ್ಕೂ ವ್ಯತ್ಯಾಸ ಇದೆ ಅಲ್ವಾ, ಅಷ್ಟೇ. ಆದರೆ ಎಲ್ಲ ರೋಗವೂ ಬಂದು ಹೋದರೆ ಒಳ್ಳೆಯದು ಅನ್ನುವುದು ಸರಿಯಲ್ಲ. ಧನುರ್ವಾಯು ಬಂದು ಬದುಕಿದವರಿಗೂ ಮತ್ತೆ ಬರಬಹುದು. ರೋಗ ತರುವ ವಿಷ ಎಷ್ಟು ಕಡಿಮೆ ಅಂದರೆ, ಮೈ ಅದನ್ನು ಗುರುತಿಟ್ಟುಕೊಳ್ಳುವುದೇ ಇಲ್ಲ. ಮರಗಸಿ, ಅಂದರೆ ತೋಟದ ನೆರಳು ಮರದ ಕೊಂಬೆ ಕಡಿಯುವ ಕೆಲಸ ಮಾಡುವಾಗ ಕತ್ತಿ ತಾಗಿಸಿಕೊಂಡು ಬರುವವರಿಗೆ ಇದನ್ನೇ ಹೇಳುತ್ತೇನೆ.

ದಡಾರ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ, ನಿಜ. ಆದರೆ ಅದು ಕಿತ್ತುಕೊಂಡು ಹೋಗುವುದು ಬೇರೆಯದನ್ನು. 2013ರಲ್ಲಿ ನೆದರ್ಲೆಂಡ್ಸ್‌ನಲ್ಲಿ, ನಂಬಿಕೆಯ ಕಾರಣಕ್ಕೆ ಲಸಿಕೆ ಬೇಡ ಅನ್ನುವವರು ಜಾಸ್ತಿ ಇರುವ ಒಂದು ಪ್ರೊಟೆಸ್ಟೆಂಟ್ ಸಮುದಾಯದಲ್ಲಿ ದಡಾರ ಹಬ್ಬಿತು. ಲಸಿಕೆ ಪಡೆಯದ 77 ಮಕ್ಕಳ ರಕ್ತವನ್ನು ರೋಗ ಬರುವ ಮೊದಲು ಮತ್ತು ಬಂದ ಮೇಲೆ ತೆಗೆದು ನೋಡಿದರು. ಬೇರೆ ರೋಗಗಳ ವಿರುದ್ಧ ಮೈಯಲ್ಲಿದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರಷ್ಟು ಅಳಿಸಿಹೋಗಿತ್ತು. 2019ರಲ್ಲಿ ಪ್ರಕಟವಾದ ಈ ವಿಷಯ ಓದಿದ ಮೇಲೆ, 9 ತಿಂಗಳಿಗೆ ಹಾಕುವ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ತಪ್ಪಿಸಿದ ಮನೆಗೆ ಎಷ್ಟು ಸಲ ಬೇಕಾದರೂ ಹೋಗುತ್ತೇನೆ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಎಂಆರ್ ಅಭಿಯಾನ ನಡೆದಾಗ ವಾಟ್ಸಾಪ್‌ನಲ್ಲಿ ಏನೇನೋ ಸುಳ್ಳು ಹರಡಿತ್ತು. ಆಗ ನಮಗೆ ಹೆಗಲು ಕೊಟ್ಟವರಲ್ಲಿ ಮಸೀದಿಯ ಉಸ್ತಾದರೂ ಇದ್ದರು, ದೇವಸ್ಥಾನದ ಅರ್ಚಕರೂ ಇದ್ದರು.

ಇಷ್ಟೆಲ್ಲ ತಾಳ್ಮೆಯಿಂದ ಮಾತಾಡುವ ನಾನು ನಾಯಿ ಕಚ್ಚಿದ ವಿಷಯದಲ್ಲಿ ಮಾತ್ರ ಕಾಯುವುದಿಲ್ಲ. ಗಾಯಕ್ಕೆ ಕಾಫಿ ಪುಡಿ, ಸುಣ್ಣ ಬೇಡ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ನೇರ ಆಸ್ಪತ್ರೆಗೆ. ಮೊದಲ ದಿನ ಆದ ಮೇಲೆ 3, 7, 28ನೇ ದಿನದ ಸೂಜಿ ಬಿಡುವ ಹಾಗಿಲ್ಲ. ರಕ್ತ ಬಂದಿದ್ದರೆ ಸೀರಂ, ಅಂದರೆ ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯದ ಸೂಜಿ ಕೂಡ ಬೇಕು. ತಾಯತ ಕಟ್ಟಿಸಬೇಕಾ, ಕಟ್ಟಿಸಿ, ಆದರೆ ಆಸ್ಪತ್ರೆಯಿಂದ ಬಂದ ಮೇಲೆ. ರೇಬಿಸ್ ಲಕ್ಷಣ ಶುರುವಾದರೆ ಯಾವ ಮೈಯ ಶಕ್ತಿಯೂ ತಡೆಯುವುದಿಲ್ಲ.

ತೋಟದ ಮಾಲೀಕರಲ್ಲಿ ಒಂದು ಬೇಡಿಕೆ. ಲಸಿಕೆ ಹಾಕಿಸಿದ ಮಾರನೇ ದಿನ ತಾಯಿಗೆ ಸಂಬಳ ಸಹಿತ ರಜೆ ಕೊಡಿ. ನನ್ನ ಕಡೆಯ ಒಂದು ತೋಟದಲ್ಲಿ ಕೊಡುತ್ತಿದ್ದಾರೆ, ತೋಟದ ಲೆಕ್ಕ ಬರೆಯುವ ರೈಟರೇ ಹಾಜರಿ ಪುಸ್ತಕದಲ್ಲಿ ಗುರುತು ಮಾಡುತ್ತಾರೆ. ಆ ಲೈನ್ ಮನೆಗಳಲ್ಲಿ ಈಗ ಒಂದು ಮಗುವಿನ ಲಸಿಕೆಯೂ ಬಾಕಿ ಇಲ್ಲ.