ಕುಂಟುವ ಮರಿಗೆ ಕ್ಯಾಲ್ಸಿಯಂ ಬರೆಯುವ ಮುಂಚೆ

“ಮರಿ ಕಾಲು ಎತ್ತಿ ಎತ್ತಿ ಇಡಾಕತ್ತೈತ್ರಿ, ಒಂದು ಕ್ಯಾಲ್ಸಿಯಂ ಬಾಟ್ಲಿ ಬರ್ಕೊಡ್ರಿ.”

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಯಾವ ದನದ ದವಾಖಾನೆಯಲ್ಲಿ ಕೂತರೂ ಕಿವಿಗೆ ಬೀಳುವ ಮಾತಿದು. ನಾಯಿಮರಿಗೆ ಆರೇಳು ತಿಂಗಳು. ಜಾತಿ ಲ್ಯಾಬ್ರಡಾರೋ ಜರ್ಮನ್ ಶೆಫರ್ಡೋ. ಬಾಟಲಿ ಬರೆದುಕೊಟ್ಟರೆ ತಂದವರಿಗೂ ಸಮಾಧಾನ, ಸಾಲೂ ಬೇಗ ಕರಗುತ್ತದೆ. ಆದರೆ ಈ ವಯಸ್ಸಿನಲ್ಲಿ ಕುಂಟಲು ಕಾರಣಗಳು ಹತ್ತಾರು. ಕ್ಯಾಲ್ಸಿಯಂ ಕೊರತೆ ಅವುಗಳಲ್ಲಿ ಒಂದು ಮಾತ್ರ, ಉಳಿದವುಗಳಲ್ಲಿ ಕೆಲವನ್ನು ಅದೇ ಬಾಟಲಿ ಹೆಚ್ಚು ಮಾಡುತ್ತದೆ. ಹೊಸದಾಗಿ ಕೆಲಸಕ್ಕೆ ಬರುವವರು, ಮನೆಯಲ್ಲಿ ಮರಿ ಸಾಕಿದವರು ಇಬ್ಬರಿಗೂ ಬೇಕಾದ ಕ್ರಮವನ್ನು ಇಲ್ಲಿ ಬರೆದಿದೆ.

ಮೊದಲು ಅಂಗಾಲು. ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಬೇಲಿಬೇಲಿಗೂ ಇರುವ ನಾಡಿದು. ಅದರ ಮುಳ್ಳು ಮೆತ್ತೆಯ ಅಂಚಿನಲ್ಲಿ ಚುಚ್ಚಿ ಒಳಗೇ ಮುರಿಯುತ್ತದೆ. ಹೊರಗೆ ಸಾಸಿವೆಯಷ್ಟು ಕಪ್ಪು ಚುಕ್ಕೆ ಬಿಟ್ಟರೆ ಏನೂ ಕಾಣದು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮೊಬೈಲ್ ಟಾರ್ಚ್ ಹಿಡಿದು ಸಂದು ನೋಡಿ. ಮುಳ್ಳಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಹತ್ತು ನಿಮಿಷ ಪಾದ ನೆನೆಸಿ, ಚಿಮಟಿಗೆಯಿಂದ ಅದು ಹೊಕ್ಕ ದಿಕ್ಕಿನಲ್ಲೇ ಹೊರಗೆಳೆಯಬೇಕು. ಪಿನ್ನಿನಿಂದ ಕೆದಕಿದರೆ ತುದಿ ಇನ್ನೂ ಆಳಕ್ಕೆ ಇಳಿದು ಕೀವಾಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಬೆರಳ ಸಂದಿನ ಕೂದಲಿಗೆ ಮೆತ್ತಿ, ಒಣಗಿ, ಗೋಲಿಯಷ್ಟು ಗಟ್ಟಿಯಾಗುತ್ತದೆ. ಗೋಲಿ ತೊಳೆದುಹೋದರೆ ಕುಂಟೂ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಡಾಂಬರು ಸುಟ್ಟ ಮೆತ್ತೆ, ಕಿತ್ತ ಉಗುರು ಇವೂ ಇರುತ್ತವೆ. ಐದು ನಿಮಿಷದ ಈ ಕೆಲಸ ಬಿಟ್ಟು ಎಕ್ಸ್‌ರೇಗೆ ಕಳಿಸಿದರೆ ನಗೆಪಾಟಲಾಗುವುದು ಖಂಡಿತ.

ಅಂಗಾಲು ಸ್ವಚ್ಛವಿದ್ದರೆ ನಡಿಗೆ ನೋಡಬೇಕು. ಟೈಲ್ಸ್ ಮೇಲಲ್ಲ, ಹೊರಗೆ ಗಟ್ಟಿ ನೆಲದ ಮೇಲೆ. ಹಗ್ಗ ಸಡಿಲ ಬಿಟ್ಟು, ಹತ್ತು ಹೆಜ್ಜೆ ಹೋಗಿ ಬರಲಿ; ಎದುರಿನಿಂದ, ಹಿಂದಿನಿಂದ, ಪಕ್ಕದಿಂದ ನೋಡಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರುವಾಗ ತಲೆ ಮೇಲೇಳುತ್ತದೆ, ಸರಿಯಿರುವ ಕಾಲು ಊರುವಾಗ ಕೆಳಗಿಳಿಯುತ್ತದೆ. ತಲೆ ಬಗ್ಗಿದ ಕಡೆಯ ಕಾಲಿಗೇ ನೋವೆಂದು ತಿಳಿದು ಒಳ್ಳೆಯ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬರುವವರೂ ಇದ್ದಾರೆ. ಹಿಂಗಾಲಿನ ನೋವಾದರೆ ಆ ಕಡೆಯ ಸೊಂಟ ಹೆಚ್ಚು ಏರಿ ಇಳಿಯುತ್ತದೆ. ಓಡುವಾಗ ಎರಡೂ ಹಿಂಗಾಲು ಜೋಡಿಸಿ ಮೊಲದಂತೆ ಜಿಗಿದರೆ ಎರಡೂ ಕಡೆಯ ಸೊಂಟದ ಕೀಲಿನ ಮೇಲೆ ಗುಮಾನಿ. ಕೂರುವಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚಿ ಕೂತರೆ ಮಂಡಿ ನೋಡಬೇಕು.

ದವಾಖಾನೆಗೆ ಬಂದ ಮರಿ ಗಾಬರಿಯಲ್ಲಿ ನೋವು ಮರೆತು ನೆಟ್ಟಗೆ ನಡೆಯುವುದುಂಟು. ಬೆಳಿಗ್ಗೆ ಎದ್ದ ಕೂಡಲೇ ಇಡುವ ಮೊದಲ ಇಪ್ಪತ್ತು ಹೆಜ್ಜೆಗಳ ವಿಡಿಯೊ ತಂದರೆ ಅರ್ಧ ಪರೀಕ್ಷೆ ಮುಗಿದಂತೆ. ಕೀಲಿನ ತೊಂದರೆಯಿದ್ದರೆ ಎದ್ದಾಗ ಬಿಗಿತ ಹೆಚ್ಚು, ನಾಲ್ಕು ಹೆಜ್ಜೆ ನಡೆದರೆ ಸಡಿಲ. ಹೆಚ್ಚು ಆಡಿದ ಮೇಲೆ ಮತ್ತೆ ಜೋರು.

ಆಮೇಲೆ ಕೈ. ನೋವಿಲ್ಲದ ಕಾಲಿನಿಂದಲೇ ಶುರು ಮಾಡಿ ಬೆರಳಿನಿಂದ ಮೇಲಕ್ಕೆ ಬರಬೇಕು. ಕೀಲನ್ನು ಮಡಿಸಿ ಬಿಡಿಸುವುದು ಒಂದು ಪರೀಕ್ಷೆ, ಎರಡು ಕೀಲುಗಳ ನಡುವಿನ ಉದ್ದ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತುವುದು ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಮಾಡಬೇಕು. ಕೀಲು ಆಡಿಸಿದರೆ ಸುಮ್ಮನಿದ್ದು, ಮೂಳೆಯ ನಡುವೆ ಒತ್ತಿದಾಗ ಮರಿ ಕಿರುಚಿದರೆ ಅದು ಬೆಳೆಯುವ ಮೂಳೆಯೊಳಗೆ ಉರಿಯೂತವಾಗುವ ಪ್ಯಾನ್‌ಆಸ್ಟಿಯೈಟಿಸ್ ಇರಬಹುದು. ಸಾಮಾನ್ಯವಾಗಿ 5ರಿಂದ 18 ತಿಂಗಳೊಳಗೆ, ಅದರಲ್ಲೂ ಜರ್ಮನ್ ಶೆಫರ್ಡ್‌ಗಳಲ್ಲಿ ಬರುತ್ತದೆ. ಈ ವಾರ ಎಡ ಮುಂಗಾಲು, ಎರಡು ವಾರ ಬಿಟ್ಟು ಬಲ ಹಿಂಗಾಲು ಅಂತ ಸ್ಥಳ ಬದಲಿಸುತ್ತದೆ, ಬೆಳೆದಂತೆ ತಾನಾಗಿಯೇ ನಿಲ್ಲುತ್ತದೆ. ಹಿಪ್ ಡಿಸ್ಪ್ಲಾಸಿಯಾ ಹಾಗಲ್ಲ. ಅಲ್ಲಿ ತೊಡೆಮೂಳೆಯ ಗುಂಡು ಬಟ್ಟಲಿನಲ್ಲಿ ಸಡಿಲವಾಗಿ ಕೂತಿರುತ್ತದೆ, ಪ್ರತಿ ಹೆಜ್ಜೆಗೂ ಅಂಚು ಸವೆಯುತ್ತದೆ. ಲ್ಯಾಬ್ರಡಾರ್, ಶೆಫರ್ಡ್, ರಾಟ್‌ವೀಲರ್‌ಗಳಲ್ಲಿ ಅದು ವಂಶದಿಂದ ಬರುವ ಕಾಯಿಲೆ. ಈ ಜಾತಿಗಳ ಮೊಣಕೈ ಕೀಲನ್ನೂ ಮರೆಯಬಾರದು. ಪೊಮೆರೇನಿಯನ್, ಸ್ಪಿಟ್ಜ್ ಮರಿ ಓಡುತ್ತ ಓಡುತ್ತ ಎರಡು ಹೆಜ್ಜೆ ಕಾಲೆತ್ತಿ, ಮತ್ತೆ ಏನೂ ಆಗದಂತೆ ಓಡಿದರೆ ಮಂಡಿಯ ಚಿಪ್ಪು ಜಾರುತ್ತಿದೆ ಎಂದರ್ಥ.

ಈ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೈತಪ್ಪುವುದು ಉಣ್ಣಿ ಜ್ವರ. ಉಣ್ಣಿ ಕಚ್ಚಿ ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಕೀಲು ಊದಿ, ಇಂದು ಒಂದು ಕಾಲು ನಾಳೆ ಇನ್ನೊಂದು ಎಂದು ಕುಂಟುವುದುಂಟು. ಥರ್ಮಾಮೀಟರ್ ಹಾಕದೆ ಕೀಲಿನ ಔಷಧ ಬರೆಯಲೇಬಾರದು. ನಾಯಿಯ ಸಹಜ ಶಾಖ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದ್ದರೆ, ಒಸಡು ಬಿಳಿಚಿದ್ದರೆ, ಊಟ ಬಿಟ್ಟಿದ್ದರೆ ರಕ್ತ ಪರೀಕ್ಷೆ ಆಗಲಿ, ಪ್ಲೇಟ್‌ಲೆಟ್ ಎಷ್ಟಿದೆ ನೋಡಲಿ. ಖಚಿತವಾದರೆ ಡಾಕ್ಟರ್ ಬರೆಯುವುದು ಡಾಕ್ಸಿಸೈಕ್ಲಿನ್: ದಿನಕ್ಕೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ, 28 ದಿನ. ಮೂರನೇ ದಿನಕ್ಕೆ ಜ್ವರ ಇಳಿದು ಮರಿ ಆಡತೊಡಗುತ್ತದೆ, ಮನೆಯವರು ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಎರಡು ತಿಂಗಳಿಗೆ ಅದೇ ಮರಿ ಮೂಗಲ್ಲಿ ರಕ್ತ ಸುರಿಸಿಕೊಂಡು ಬಂದೀತು. ಮಾತ್ರೆಯನ್ನು ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಬೇಕು, ಇಲ್ಲದಿದ್ದರೆ ಅನ್ನನಾಳದಲ್ಲೇ ಅಂಟಿ ಹುಣ್ಣಾಗುತ್ತದೆ. ಹಾಲಿನಲ್ಲಿ ಕರಗಿಸಿ ಕೊಡಬಾರದು, ಕ್ಯಾಲ್ಸಿಯಂ ಸಿರಪ್ಪಿನ ಜೊತೆಯಂತೂ ಬೇಡವೇ ಬೇಡ: ಕ್ಯಾಲ್ಸಿಯಂ ಔಷಧವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಪೂರ್ತಿ ಸೇರಗೊಡುವುದಿಲ್ಲ.

ಮರಿಗೆ ಔಷಧ ಕೊಟ್ಟು ಗೂಡನ್ನು ಬಿಟ್ಟರೆ ಪ್ರಯೋಜನವಿಲ್ಲ. ಕಂದು ಉಣ್ಣಿ ನಾಯಿಯಿಂದ ಉದುರಿ ಗೋಡೆಯ ಬಿರುಕಲ್ಲಿ, ಕಡಪ ಕಲ್ಲಿನ ಸಂದಿನಲ್ಲಿ, ಮಾಳಿಗೆಯ ಜಂತಿಯ ಹಿಂದೆ ಸಾವಿರಾರು ಮೊಟ್ಟೆ ಇಡುತ್ತದೆ. ಸಂದುಗಳಿಗೆ ಸಿಮೆಂಟ್ ಮೆತ್ತುವುದು ಸಿಂಪಡಣೆಗಿಂತ ಬಾಳಿಕೆ ಬರುವ ಮದ್ದು. ಎಮ್ಮೆಗೆ ತಂದ ಉಣ್ಣಿ ಔಷಧವನ್ನು ಅಂದಾಜಿಗೆ ಕಲಸಿ ಮರಿಗೆ ಸವರುವುದು ಮಾತ್ರ ಬೇಡ.

ಈಗ ಆ ಬಾಟಲಿಯ ಮಾತು. ಉತ್ತರ ನಾಯಿಯ ತಟ್ಟೆಯಲ್ಲಿದೆ. ಜೋಳದ ರೊಟ್ಟಿ, ಅನ್ನ, ಎಲುಬಿಲ್ಲದ ಕೋಳಿ, ಲಿವರ್ ಇಷ್ಟೇ ತಿನ್ನುವ ಮರಿಗೆ ರಂಜಕ ಧಾರಾಳ ಸಿಗುತ್ತದೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ರಕ್ತದಲ್ಲಿ ಮಟ್ಟ ಕಾಯಲು ದೇಹ ಮೂಳೆಯಿಂದಲೇ ಸಾಲ ತೆಗೆಯುತ್ತದೆ. ಮೂಳೆ ತೆಳುವಾಗಿ, ಮಂಚದಿಂದ ಇಳಿದರೂ ಬಾಗಿ ಮುರಿಯುತ್ತದೆ. ಈ ಮರಿಗೆ ಕ್ಯಾಲ್ಸಿಯಂ ಬೇಕು. ಮನೆಯಲ್ಲೇ ಆದೀತು: ಮೊಟ್ಟೆಯ ಚಿಪ್ಪು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಅರ್ಧ ಕಿಲೋ ಅಡುಗೆಗೆ ಅರ್ಧ ಟೀ ಚಮಚ. ಅಷ್ಟರಲ್ಲಿ ಸುಮಾರು ಒಂದು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಇದಕ್ಕಿಂತ ಒಳ್ಳೆಯದು ಮರಿಗಳ ಪೂರ್ಣ ಆಹಾರಕ್ಕೆ ಬದಲಿಸುವುದು.

ದೊಡ್ಡ ಜಾತಿಯ ಮರಿಗಳ ಪ್ಯಾಕೆಟ್ ಆಹಾರವನ್ನೇ ತಿನ್ನುತ್ತಿದ್ದರೆ ಬಾಟಲಿ ಬೇಡ. ಆರು ತಿಂಗಳೊಳಗಿನ ಮರಿಯ ಕರುಳಿಗೆ ‘ಸಾಕು’ ಅನ್ನುವ ಶಕ್ತಿ ಸರಿಯಾಗಿ ಬಂದಿರುವುದಿಲ್ಲ. ಹಾಕಿದ ಕ್ಯಾಲ್ಸಿಯಂ ಒಳಗೆ ಹೋಗುತ್ತಲೇ ಇರುತ್ತದೆ. ಆಗ ಮೃದ್ವಸ್ಥಿ ಮೂಳೆಯಾಗುವ ಕೆಲಸ ನಿಧಾನವಾಗಿ, ಕೀಲಿನೊಳಗೆ ಹಪ್ಪಳದಂತೆ ಸಡಿಲ ಪದರ ಏಳುತ್ತದೆ. 1980ರ ದಶಕದಲ್ಲಿ ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್‌ನಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಪ್ರಯೋಗಗಳಲ್ಲೇ ಇದು ಕಂಡಿತ್ತು, ಆದರೂ ಬಾಟಲಿಯ ಮೇಲಿನ ಭಕ್ತಿ ತಗ್ಗಿಲ್ಲ. ಇನ್ನೊಂದು ಅಪಾಯ ಮನುಷ್ಯರ ವಿಟಮಿನ್ ಡಿ ಪುಡಿ. ಒಂದು ಪೊಟ್ಟಣದಲ್ಲಿ 60,000 ಯುನಿಟ್. ಹತ್ತು ಕಿಲೋ ಮರಿಗೆ ಪೂರ್ತಿ ಕೊಟ್ಟರೆ ವಿಷವಾಗುವಷ್ಟು.

ಕೊಡುವುದಕ್ಕಿಂತ ಕಡಿಮೆ ಮಾಡುವುದೇ ಹೆಚ್ಚು ಕೆಲಸ ಮಾಡುತ್ತದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯಲ್ಲೊಂದಕ್ಕೆ ಜೀವಮಾನವಿಡೀ ಶೇ 25ರಷ್ಟು ಕಡಿಮೆ ಊಟ ಕೊಟ್ಟರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಡಿಮೆ ತಿಂದವುಗಳ ಮಧ್ಯಮ ಆಯಸ್ಸು 13 ವರ್ಷ, ಉಳಿದವುಗಳದು 11.2. ಸೊಂಟದ ಕೀಲು ಸವೆತ ಕಾಣಿಸಿಕೊಂಡದ್ದೂ ಎಷ್ಟೋ ವರ್ಷ ತಡವಾಗಿ. ಅಳತೆ ಸುಲಭ: ಅಂಗೈ ಚಾಚಿ ಅದರ ಹಿಂಬದಿಯ ಮೂಳೆಗಳ ಮೇಲೆ ಬೆರಳಾಡಿಸಿ, ಪಕ್ಕೆಲುಬು ಅಷ್ಟು ಸಲೀಸಾಗಿ ಕೈಗೆ ಸಿಗಬೇಕು. ಒತ್ತಿ ಹುಡುಕಬೇಕಾಗಿ ಬಂದರೆ ಮರಿ ದಪ್ಪವಾಗಿದೆ. ಗುಂಡುಗುಂಡಾದ ಲ್ಯಾಬ್ ಮರಿ ಬೀದಿಯವರಿಗೆಲ್ಲ ಮುದ್ದು, ಸಡಿಲ ಬಟ್ಟಲಿನ ಕೀಲಿಗೆ ಭಾರ.

ನೋವಿನ ಮಾತ್ರೆ ಡಾಕ್ಟರ್ ತೂಕ ನೋಡಿ ಬರೆದದ್ದು ಮಾತ್ರ. ನಾಯಿಗೆ ಮೆಲಾಕ್ಸಿಕ್ಯಾಮ್ ಮೊದಲ ದಿನ ಕಿಲೋಗೆ 0.2 ಮಿಲಿಗ್ರಾಂ, ಮರುದಿನದಿಂದ 0.1, ದಿನಕ್ಕೊಮ್ಮೆ, ಊಟವಾದ ಮೇಲೆ. ಹದಿನೈದು ಕಿಲೋ ಮರಿಗೆ ಮೊದಲ ದಿನ 3, ಆಮೇಲೆ 1.5 ಮಿಲಿಗ್ರಾಂ. ಮೆಡಿಕಲ್ ಶಾಪಿನಲ್ಲಿ ಮನುಷ್ಯರಿಗೆ ಸಿಗುವ ಒಂದು ಮಾತ್ರೆಯಲ್ಲೇ 15 ಮಿಲಿಗ್ರಾಂ ಇರಬಹುದು. ಐದು ಕಿಲೋ ಮರಿಗೆ ಅದು ಮೊದಲ ದಿನದ ಅಳತೆಯ ಹದಿನೈದು ಪಟ್ಟು. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಾದರೆ ಕೂಡಲೇ ನಿಲ್ಲಿಸಿ ಕರೆತನ್ನಿ. ಸ್ಟೆರಾಯ್ಡ್ ಇಂಜೆಕ್ಷನ್ ಆಗಿದ್ದರೆ ಅದನ್ನು ಮುಚ್ಚಿಡಬೇಡಿ, ಎರಡೂ ಒಟ್ಟಿಗೆ ಬಿದ್ದರೆ ಕರುಳು ತೂತಾಗಬಹುದು. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ನೀರು ಕುಡಿಯದೆ ಬಳಲಿದ ಮರಿಗೆ ಈ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು. ಇನ್ನು ಕುಂಟುವ ಕಾಲಿಗೆ ಬರೆ ಹಾಕಿಸುವುದು: ಚರ್ಮ ಸುಡುತ್ತದೆ, ಶಾಖ ಕೀಲಿನವರೆಗೆ ಹೋಗುವುದಿಲ್ಲ. ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದ ಕಾಲು ನಾಲ್ಕೇ ದಿನಕ್ಕೆ ತಣ್ಣಗಾಗಿ ಕೊಳೆತ ವಾಸನೆ ಬಂದದ್ದನ್ನು ಕಂಡವರಿಗೆ ಆ ಕಟ್ಟಿನ ಮೇಲೆ ನಂಬಿಕೆ ಉಳಿಯುವುದಿಲ್ಲ.

ಮಾತ್ರೆ ಕೆಲಸ ಮಾಡಿದ ದಿನವೇ ದೊಡ್ಡ ತಪ್ಪು ನಡೆಯುತ್ತದೆ. ನೋವಿಲ್ಲವೆಂದು ಮರಿ ಮಾಳಿಗೆಯ ಮೆಟ್ಟಿಲು ಹತ್ತಿ ಇಳಿಯುತ್ತದೆ, ಟಿವಿಎಸ್ ಗಾಡಿಯ ಮುಂದಿನಿಂದ ಜಿಗಿಯುತ್ತದೆ, ವಾಸಿಯಾಗುತ್ತಿದ್ದ ಕೀಲು ಮತ್ತೆ ಹಿಂದಕ್ಕೆ. ಆದ್ದರಿಂದ ಮಾತ್ರೆಯ ಜೊತೆಗೇ ಹಗ್ಗವನ್ನೂ ಬರೆಯಬೇಕು: ಎರಡು ವಾರ ಮನೆಯೊಳಗೆ ಒಂದು ಮೂಲೆ, ಹೊರಗೆ ದಿನಕ್ಕೆ ಮೂರು ಸಲ ಐದೈದು ನಿಮಿಷ, ಹಗ್ಗ ಹಿಡಿದೇ. ಕುಂಟು ಕಾಣದಿದ್ದರೆ ಮೂರನೇ ವಾರದಿಂದ ಎರಡೆರಡು ನಿಮಿಷ ಹೆಚ್ಚಿಸಿ. ಮರುದಿನ ಬೆಳಿಗ್ಗೆ ಬಿಗಿತ ಕಂಡರೆ ಹಿಂದಿನ ಅಳತೆಗೆ ಇಳಿಸಿ. ನಡಿಗೆ ಬೆಳಗಿನ ಆರಕ್ಕೆ, ರಾತ್ರಿ ಏಳರ ಮೇಲೆ. ಮುಂಗೈ ಐದು ಸೆಕೆಂಡ್ ರಸ್ತೆಗೆ ಒತ್ತಿಡಲಾಗದಿದ್ದರೆ ಮರಿಯೂ ಕಾಲಿಡಬಾರದು.

ಮನೆಯ ನೆಲವೂ ಶತ್ರುವೇ. ಪಾಲಿಶ್ ಗ್ರಾನೈಟ್, ಟೈಲ್ಸ್ ಮೇಲೆ ಹಿಂಗಾಲು ಹೊರಕ್ಕೆ ಜಾರಿದಾಗಲೆಲ್ಲ ಸಡಿಲ ಕೀಲು ಎಳೆಸಿಕೊಳ್ಳುತ್ತದೆ. ಗೋಣಿತಟ್ಟು ಹಾಸಿದರೆ ಅದೂ ಮರಿಯ ಜೊತೆ ಜಾರುತ್ತದೆ. ಕೆಳಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಹೊಲಿದರೆ ಕಚ್ಚಿ ನಿಲ್ಲುತ್ತದೆ. ಮಲಗಲು ಹಳೆಯ ಕೌದಿ ನಾಲ್ಕು ಮಡಿಕೆ ಮಾಡಿದರೆ ಸಾಕು. ಉಗುರು ನೆಲಕ್ಕೆ ಟಕಟಕ ಬಡಿಯುತ್ತಿದ್ದರೆ ಕತ್ತರಿಸಿ, ಮೆತ್ತೆಯ ನಡುವಿನ ಕೂದಲನ್ನೂ ತೆಗೆಯಿರಿ. ಈಜು ಕೀಲಿಗೆ ಒಳ್ಳೆಯದೆಂದು ಓದಿ ತುಂಗಭದ್ರಾ ಕಾಲುವೆಗೆ ಇಳಿಸಬೇಡಿ: ಇಳಿಜಾರು ಸಿಮೆಂಟ್ ದಡ ಹತ್ತಲು ಉಗುರಿಗೆ ಹಿಡಿತ ಸಿಗದು. ಪ್ಲಾಸ್ಟಿಕ್ ಹಾಳೆಯ ಕೃಷಿಹೊಂಡವೂ ಅಷ್ಟೇ. ಕೃಷ್ಣಾ ನದಿಯಲ್ಲಿ ಮೊಸಳೆ.

ಕಾಲು ಊರದೆ ಒಂದು ದಿನ ಕಳೆದರೆ, ಕಾಲು ಜೋತುಬಿದ್ದರೆ, ಕೀಲು ಬಿಸಿಯಾಗಿ ಊದಿ ಜ್ವರವಿದ್ದರೆ, ಹಿಂಭಾಗ ಎಳೆಯುತ್ತಿದ್ದರೆ ಅಂದೇ ಬನ್ನಿ. ಉಳಿದವು ಎರಡು ವಾರದ ವಿಶ್ರಾಂತಿಗೆ ಬಗ್ಗದಿದ್ದರೆ ಎಕ್ಸ್‌ರೇ. ಸೊಂಟದ ಚಿತ್ರಕ್ಕೆ ಮಂಪರು ಕೊಟ್ಟು, ಅಂಗಾತ ಮಲಗಿಸಿ, ಎರಡೂ ಹಿಂಗಾಲು ಸಮನಾಗಿ ಚಾಚಿ, ಮಂಡಿ ಒಳಕ್ಕೆ ತಿರುಗಿಸಿ ಹಿಡಿಯಬೇಕು. ನಾಲ್ಕು ಜನ ಅದುಮಿ ತೆಗೆದ ಓರೆ ಚಿತ್ರದಲ್ಲಿ ಒಳ್ಳೆಯ ಕೀಲೂ ಕೆಟ್ಟದ್ದಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಯವರೆಗೆ ಹೋದರೆ ಬೀದರಿನ ಪಶುವೈದ್ಯಕೀಯ ಕಾಲೇಜು ಅಥವಾ ಬೆಂಗಳೂರಿನ ಹೆಬ್ಬಾಳ. ಹೋಗುವಾಗ ಫಿಲ್ಮು, ರಕ್ತದ ವರದಿ, ಬೆಳಗಿನ ನಡಿಗೆಯ ವಿಡಿಯೊ, ತೂಕದ ಚೀಟಿ ಜೊತೆಗಿರಲಿ. ತೂಕಕ್ಕೆ ಗೊಬ್ಬರದ ಅಂಗಡಿಯ ಕಾಟಾ ಸಾಕು: ಮರಿಯನ್ನೆತ್ತಿಕೊಂಡು ನಿಂತು ಒಮ್ಮೆ, ಇಳಿಸಿ ಒಮ್ಮೆ, ಪ್ರತಿ ವಾರ ಅದೇ ದಿನ, ಊಟಕ್ಕೆ ಮುಂಚೆ.