ಪಾಕ ಹಿಡೀಲಿಲ್ಲ

ಭಾನುವಾರ, ಮಾರ್ಚ್ 16, 2025
ಪಾಂಡವಪುರದ ಹತ್ರ, ನಮ್ಮೂರು

ಇವತ್ತು ಆಲೆಮನೇಲಿ ಅಪ್ಪನ ಮುಖ ನೋಡಕ್ಕಾಗ್ಲಿಲ್ಲ. ಕಬ್ಬು ಕಡ್ದು ಐದ್ ದಿನ ಆಗಿತ್ತು, ಗಾಣದ ಸರದಿ ಸಿಗ್ದೆ ಗದ್ದೆ ಬದೀಲಿ ಬಿಸ್ಲಿಗೆ ಬಿದ್ದಿತ್ತು, ಅಂತೂ ಇವತ್ತು ಅರೆದು ಹಾಲು ಕೊಪ್ಪರಿಗೆಗೆ ಬಿಟ್ಟು, ಸುಣ್ಣದ ನೀರು ಹಾಕಿ, ಮಡ್ಡಿನೂ ತೆಗೆದ್ರು. ಬೆಲ್ಲದ ಪಾಕ ನೋಡೋ ಅಣ್ಣ ಆಗಾಗ ಒಂಚೂರು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸ್ತಾ ಇದ್ದ. ಹದ ಬಂದ್ರೆ ಗೋಲಿ ಥರ ಆಗ್ಬೇಕು, ತಟ್ಟೆಗೆ ಹೊಡೆದ್ರೆ ಟಣ್ ಅನ್ಬೇಕು. ಇದು ಬೆರಳಿಗೆ ಮೆತ್ಕೊಂಡು ಎಳೆ ಎಳೆಯಾಗಿ ಜೋತಾಡ್ತು. "ಕಬ್ಬು ಹಳಸೈತೆ ಕಣಣ್ಣ, ಇನ್ನೂ ಕಾಯ್ಸಿದ್ರೆ ಸೀದೋಯ್ತದೆ" ಅಂದ. ಅಚ್ಚಿಗೆ ಹುಯ್ದು ಸಂಜೆ ಆದ್ರೂ ಒತ್ತಿದ್ರೆ ಬೆರಳು ಒಳಗೋಗ್ತಿತ್ತು.

ದೊಡ್ಡಪ್ಪ ಬಿಡ್ಲಿಲ್ಲ. "ಪಿಯು ಮಕ್ಳಿಗೆ ಬಯಾಲಜಿ ಯೋಳ್ಕೊಡ್ತೀಯಲ್ಲ, ಇದಕ್ಕೇನಾಯ್ತು ಯೋಳ್ಲಾ."

ಹೇಳ್ದೆ. ಕಬ್ಬಿನ ಸಕ್ಕರೆ ಸುಕ್ರೋಸ್, ಅಂದ್ರೆ ಒಂದು ಗ್ಲೂಕೋಸು ಒಂದು ಫ್ರಕ್ಟೋಸು ಸೇರಿರೋ ಜೋಡಿ. ಎರಡ್ರಲ್ಲೂ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್ನೇ, ಜೋಡ್ಸಿರೋ ರೀತಿ ಮಾತ್ರ ಬೇರೆ. ಸೇರೋವಾಗ ಒಂದು ನೀರಿನ ಅಣು ಹೊರಗೋಗಿರುತ್ತೆ, ಬಿಡಿಸ್ಬೇಕಂದ್ರೆ ಆ ನೀರು ವಾಪಸ್ ಕೊಡ್ಬೇಕು. ಆ ಕೆಲ್ಸ ಮಾಡೋ ಇನ್ವರ್ಟೇಸ್ ಅನ್ನೋ ಕಿಣ್ವ ಕಬ್ಬೊಳಗೇ ಇದೆ. ಬೆಳೆಯೋ ತುದಿಗೆ ಸಕ್ಕರೆ ಒಡೆದು ಕೊಡೋದು ಅದೇ, ಕಬ್ಬಿನ ತುದಿ ಸಪ್ಪೆ ಯಾಕೆ ಅಂತ ಚಿಕ್ಕೋರಾಗಿದ್ದಾಗ ಕೇಳ್ತಿದ್ವಲ್ಲ, ಅದಕ್ಕೆ ಇದೂ ಒಂದು ಕಾರಣ. ಕಡ್ದಿದ್ಮೇಲೆ ಅದಕ್ಕೆ ಕಡಿವಾಣ ಇರಲ್ಲ, ಬಿಸ್ಲಿಗೆ ಇನ್ನೂ ಜೋರು. ಸುಕ್ರೋಸ್ ಹರಳು ಕಟ್ಟುತ್ತೆ, ಒಡೆದೋಗಿರೋ ಜೋಡಿ ಜಾಸ್ತಿ ಆದ್ರೆ ಆ ಹರಳು ಕೂರೋಕೇ ಬಿಡಲ್ಲ, ಮೇಲಾಗಿ ಫ್ರಕ್ಟೋಸು ಗಾಳೀಲಿರೋ ತೇವಾನೂ ಎಳ್ಕೊಳುತ್ತೆ. ಜೇನಲ್ಲಿರೋದೂ ಹೆಚ್ಚು ಪಾಲು ಈ ಎರಡೇ.

"ಸುಣ್ಣ ಹಾಕಿದ್ವಲ್ಲ?" ಅಂತ ಕೇಳ್ದ. ಒಳ್ಳೆ ಪ್ರಶ್ನೆ, ಕ್ಲಾಸಲ್ಲಿ ಯಾರೂ ಇಂಥದ್ದು ಕೇಳಲ್ಲ. ಕಿಣ್ವ ಪ್ರೋಟೀನು, ಅಮೈನೊ ಆಮ್ಲಗಳ ಸರ ಸರಿಯಾಗಿ ಮಡಚ್ಕೊಂಡು ಕೂತಿದ್ರೇನೇ ಕೆಲ್ಸ ಮಾಡೋದು, ಬಿಸಿಗೆ ಆ ಮಡಿಕೆ ಬಿಚ್ಚೋಗುತ್ತೆ, ಮೊಟ್ಟೆ ಬಿಳಿ ಬೇಯೋ ಹಾಗೆ. ಹಂಗಾಗಿ ಕೊಪ್ಪರಿಗೆ ಕುದ್ದಾಗ ಇನ್ವರ್ಟೇಸ್ ಸತ್ತೋಯ್ತು. ಆದ್ರೆ ಕಬ್ಬಿನ ಹಾಲಲ್ಲಿ ಹುಳಿ ಇರುತ್ತೆ, ಹುಳಿ ಜೊತೆ ಬಿಸಿ ಸೇರಿದ್ರೂ ಸುಕ್ರೋಸ್ ಒಡೆಯುತ್ತೆ, ಸುಣ್ಣ ಅದನ್ನ ತಡೆಯುತ್ತೆ ಅಷ್ಟೇ. ಗದ್ದೇಲೇ ಒಡೆದೋಗಿರೋದನ್ನ ಸುಣ್ಣ ಎಲ್ಲಿಂದ ಕೂಡಿಸುತ್ತೆ.

ಆಲೆಮನೆ ಹಿಂದೆ ಹಸು ಸೋಗೆ ಮೇಯ್ತಾ ಇತ್ತು. ಸೋಗೇಲಿರೋ ಸೆಲ್ಯುಲೋಸೂ ಗ್ಲೂಕೋಸಿನ ಸರಾನೇ, ಮುದ್ದೇಲಿರೋ ಪಿಷ್ಟಾನೂ ಗ್ಲೂಕೋಸಿನ ಸರಾನೇ, ಕೊಂಡಿ ಹಾಕಿರೋ ದಿಕ್ಕು ಬೇರೆ ಆಗಿದ್ದಕ್ಕೇ ನಮಗೆ ಒಂದು ಅರಗುತ್ತೆ ಇನ್ನೊಂದು ಅರಗಲ್ಲ. ಹಸು ಕೂಡ ತಾನೇ ಅರಗಿಸ್ಕೊಳಲ್ಲ, ಹೊಟ್ಟೇಲಿರೋ ಸೂಕ್ಷ್ಮಜೀವಿಗಳ ಹತ್ರ ಮಾಡಿಸ್ಕೊಳುತ್ತೆ. ಇದನ್ನೂ ಹೇಳೋಕೆ ಹೋದೆ, ದೊಡ್ಡಪ್ಪ ಬೀಡಿ ಹಚ್ಕೊಂಡು, "ಅಂದ್ರೆ ಸರದಿ ಕೊಡ್ದಿದ್ದೋನ್ದೇ ತಪ್ಪು ಅನ್ನು" ಅಂದ್ಬಿಟ್ಟ.

ರಾತ್ರಿ ಅವ್ವ ಎರಡು ಅಚ್ಚು ತಂದು ಸ್ಟೀಲ್ ಡಬ್ಬಿಗೆ ಚಮಚದಲ್ಲೇ ತುಂಬಿದ್ಲು, ನಾಳೆ ದೋಸೆಗಾಗುತ್ತೆ ಅಂತ. ಉಳಿದದ್ದಕ್ಕೆ ಮಂಡಿಯೋರು ಎಷ್ಟು ಮುರ್ಕೊಂಡು ಕೊಡ್ತಾರೋ, ಅಪ್ಪ ಇನ್ನೂ ಫೋನ್ ಮಾಡಿಲ್ಲ.